ಭಾನುವಾರವೇ ಹಾಕಿದ ಟಿಕ್

ಪುಕ್ಕಟೆ ಸಿಗುವ ಯಾವುದನ್ನೂ ನಾನು ನಂಬುವವಳಲ್ಲ. ಹಾಗಾಗಿ ತಮ್ಮನ ಮೇಲ್ಮನವಿಗೆ ಸರ್ಕಾರ ಪುಕ್ಕಟೆಯಾಗಿ ಕೊಟ್ಟ ವಕೀಲಮ್ಮನ ಮೇಲೆ, ಮುಖ ನೋಡುವ ಮೊದಲೇ ನನಗೆ ಗುಮಾನಿ ಇತ್ತು. ಮುಖ ನೋಡಿದ ಮೇಲೆ ಅದು ಇನ್ನಷ್ಟು ಬಲಿಯಿತು. ಮೂವತ್ತು ದಾಟದ ಹುಡುಗಿ. ಹೇಳದೆ ಕೇಳದೆ ನಾನು ಕೆಲಸ ಮಾಡುವ ಕೋಲ್ಡ್ ಸ್ಟೋರೇಜಿಗೇ ಬಂದಿದ್ದಳು. ಗೇಟಿನ ಸೆಕ್ಯುರಿಟಿಯವನನ್ನು ಅದೇನು ಹೇಳಿ ಒಲಿಸಿಕೊಂಡಳೋ, ನಾವು ಕೋಟು ನೇತುಹಾಕುವ ಕೋಣೆಯ ಬೆಂಚಿನ ಮೇಲೆ ಫೈಲಿನ ಚೀಲ ತಬ್ಬಿಕೊಂಡು ಕೂತಿದ್ದಳು.

"ನಿಮ್ಮ ತಮ್ಮ ಮೇಲ್ಮನವಿ ವಾಪಸ್ ತಗೋತೀನಿ ಅಂತ ಜೈಲಿಂದ ಬರೆದುಕೊಟ್ಟಿದ್ದಾರೆ," ಅಂದಳು. "ನಿಮಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಅದನ್ನು ಅವಳ ಮುಂದೆ ತೋರಿಸಿಕೊಳ್ಳುವಷ್ಟು ದಡ್ಡಿ ನಾನಲ್ಲ.

"ನೀವೇ ಏನಾದ್ರೂ ಹೇಳಿ ಅವನ ತಲೆ ಕೆಡಿಸಿರ್ಬೇಕು," ಅಂದೆ.

"ಕೆಡಿಸೋಕೆ ಅವರು ನನ್ನ ಜೊತೆ ಮಾತೇ ಆಡಲ್ಲ. ಎರಡು ಸಲ ಹೋದೆ, ಎರಡು ಸಲವೂ ಗೋಡೆ ನೋಡ್ಕೊಂಡು ಕೂತಿದ್ರು. ವಿಚಾರಣೆ ಬರೋ ತಿಂಗಳು ಇಪ್ಪತ್ತಕ್ಕೆ ಇದೆ. ಅಷ್ಟರೊಳಗೆ ಅವರ ಮನಸ್ಸು ಬದಲಾಗ್ಲಿಲ್ಲ ಅಂದ್ರೆ ಫೈಲು ಮುಚ್ಚಿಹೋಗುತ್ತೆ. ಇನ್ನೂ ಐದು ವರ್ಷ ಒಳಗೇ ಇರ್ಬೇಕು."

ಮೂರು ವರ್ಷದ ಹಿಂದೆ ಒಂದು ಬುಧವಾರ ಬೆಳಿಗ್ಗೆ ನನ್ನ ತಮ್ಮ ಮೇಲಿನ ಮನೆಯ ಮೇಷ್ಟ್ರನ್ನು ಸುತ್ತಿಗೆಯಿಂದ ಹೊಡೆದ. ಅವರು ಶಾಲೆಯಿಂದ ನಿವೃತ್ತರಾದ ಡ್ರಿಲ್ ಮೇಷ್ಟ್ರು. ನಿವೃತ್ತಿ ಅವರ ಸಂಬಳಕ್ಕೆ ಆಗಿತ್ತೇ ಹೊರತು ಕಾಲಿಗೆ ಆಗಿರಲಿಲ್ಲ. ದಿನಾ ಬೆಳಿಗ್ಗೆ ಐದೂವರೆಗೆ ನಮ್ಮ ತಲೆಯ ಮೇಲೆ ಧಡ್ ಧಡ್ ಅಂತ ಎಗರಾಡುತ್ತಿದ್ದರು. ಆ ವಿಷಯಕ್ಕೆ ತಮ್ಮನಿಗೂ ಅವರಿಗೂ ಮೆಟ್ಟಿಲ ಮೇಲೆ ಒಮ್ಮೆ ಮಾತಿಗೆ ಮಾತು ಬೆಳೆದಿದ್ದೂ ನಿಜ. ಆದರೆ ಹೊಡೆಯುವ ಹೊತ್ತಿಗೆ ವಿಷಯ ಸದ್ದಿನದಾಗಿ ಉಳಿದಿರಲಿಲ್ಲ. ಮೇಷ್ಟ್ರು ಆ ಕುಣಿತದಲ್ಲಿ ಏನನ್ನೋ ಎಣಿಸುತ್ತಿದ್ದಾರೆ, ಎಣಿಕೆ ಮುಗಿದ ದಿನ ಕೆಳಗಿಳಿದು ಬಂದು ಅಕ್ಕನನ್ನು ಕೊಲ್ಲುತ್ತಾರೆ ಅಂತ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಅವನು ಬ್ಯಾಗು, ಸೂಟ್‌ಕೇಸು ರಿಪೇರಿ ಮಾಡುವವನು. ರಿವೆಟ್ ಹೊಡೆಯುವ ಸುತ್ತಿಗೆ ಕೈಗೆ ಸಿಕ್ಕಿತು, ಹೋದ. ಮೇಷ್ಟ್ರ ಜೀವ ಉಳಿಯಿತು. ಬಲಗೈ ಮಾತ್ರ ತಾನಾಗಿ ಮೇಲಕ್ಕೆ ಏಳುವುದಿಲ್ಲ.

ತಮ್ಮನ ಕಾಯಿಲೆ ಹತ್ತು ವರ್ಷದ್ದು. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳುತ್ತಾರೆ. ನನಗೆ ಗೊತ್ತಿರುವುದಿಷ್ಟೇ: ದಿನಕ್ಕೊಂದು ಮಾತ್ರೆ ಹೊಟ್ಟೆಗೆ ಬಿದ್ದರೆ ಅವನಂಥ ಸಾಧು ಇನ್ನೊಬ್ಬನಿಲ್ಲ. ಮಾತ್ರೆ ತಪ್ಪಿದರೆ ಇಲ್ಲದ ಸದ್ದು ಕೇಳುತ್ತದೆ, ಇರುವ ಸದ್ದಿಗೆ ಇಲ್ಲದ ಅರ್ಥ ಹುಟ್ಟುತ್ತದೆ. ಅಪ್ಪ ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಮಾತ್ರೆ ನನ್ನ ಜವಾಬ್ದಾರಿ.

ಕೆಳಗಿನ ಕೋರ್ಟಿನಲ್ಲಿ ನಾನು ಪ್ರಮಾಣ ಮಾಡಿ ಸಾಕ್ಷಿ ಹೇಳಿದ್ದೆ. "ದಿನಾ ನನ್ನ ಕೈಯಾರೆ ಮಾತ್ರೆ ಕೊಟ್ಟಿದ್ದೀನಿ." ಜೊತೆಗೆ ಮಾತ್ರೆಯ ಚಾರ್ಟನ್ನೂ ಕೊಟ್ಟಿದ್ದೆ. ವಾರಕ್ಕೊಂದು ಹಾಳೆ, ದಿನಕ್ಕೊಂದು ಟಿಕ್. ಒಂದು ದಿನವೂ ತಪ್ಪಿಲ್ಲ. ಎಂಥ ಅಕ್ಕ ಅಂತ ಜಡ್ಜು ಮೆಚ್ಚಿಕೊಳ್ಳಲಿ ಅಂತ ಆಸೆ. ಮೆಚ್ಚಿಕೊಂಡರು ಕೂಡ. ಆರೋಪಿಯ ಅಕ್ಕ ಶ್ರದ್ಧೆಯಿಂದ ಔಷಧಿ ಕೊಟ್ಟಿದ್ದಾರೆ, ಆದ್ದರಿಂದ ಅವನ ಕಾಯಿಲೆ ಹತೋಟಿಯಲ್ಲಿತ್ತು, ಆದ್ದರಿಂದ ತಾನೇನು ಮಾಡುತ್ತಿದ್ದೇನೆಂಬ ಅರಿವು ಅವನಿಗಿತ್ತು, ಆದ್ದರಿಂದ ಇದು ಜಗಳದ ಸೇಡು ಎಂದು ತೀರ್ಪು ಬರೆದರು. ಎಂಟು ವರ್ಷ. ನನ್ನನ್ನು ಹೊಗಳಿದ ಸಾಲಿನಿಂದಲೇ ಅವನ ಶಿಕ್ಷೆ ಶುರುವಾಗಿತ್ತು.

ಅವತ್ತಿನಿಂದ ನಾನು ಅನುಮಾನಿಸದೆ ಬಿಟ್ಟವರಿಲ್ಲ. ಹಳೆಯ ವಕೀಲ ಮೇಷ್ಟ್ರ ಕಡೆಯವರ ಜೊತೆ ಶಾಮೀಲಾಗಿದ್ದ ಅಂದೆ. ಡಾಕ್ಟರು ತನ್ನ ಹೆಸರು ಉಳಿಸಿಕೊಳ್ಳಲು ಮಾತ್ರೆಯ ಪರ ಮಾತಾಡಿದ ಅಂದೆ. ಮೆಡಿಕಲ್ ಶಾಪಿನವನ ಮಾತ್ರೆಯೇ ನಕಲಿ ಇರಬೇಕು ಅಂದೆ. ಮೇಷ್ಟ್ರ ಹೆಂಡತಿ ಬೇಕೆಂದೇ ನೆಲಕ್ಕೆ ಹಾಸು ಹಾಕಿಸಲಿಲ್ಲ ಅಂದೆ. ಇವೆಲ್ಲ ಬಾಯಿಬಿಟ್ಟು ಹೇಳಿದವು. ಹೇಳದೆ ಒಳಗಿಟ್ಟುಕೊಂಡದ್ದು ಒಂದಿತ್ತು, ಅದು ತಮ್ಮನ ಮೇಲಿನದು. ಅದಕ್ಕೆ ಆಮೇಲೆ ಬರುತ್ತೇನೆ.

ವಕೀಲಮ್ಮ ಚೀಲದಿಂದ ಕೆಲವು ಫೋಟೋ ತೆಗೆದು ಬೆಂಚಿನ ಮೇಲೆ ಹರಡಿದಳು. "ಇವು ನಿಮ್ಮ ಚಾರ್ಟಿಂದು. ಕೋರ್ಟಲ್ಲಿರೋ ಅಸಲನ್ನೂ ನೋಡ್ಕೊಂಡು ಬಂದೆ. ಒಟ್ಟು ಒಂಬತ್ತು ಹಾಳೆ. ಎಂಟಕ್ಕೆ ಮೇಲ್ಗಡೆ ಮೊಳೆ ತೂತಿದೆ. ಕೊನೇ ವಾರದ ಹಾಳೆಗೆ ಮಾತ್ರ ಇಲ್ಲ. ಯಾಕೆ?"

"ಮೊಳೆ ಬಿದ್ದುಹೋಗಿತ್ತು."

"ಓ," ಅಂದಳು. ಅಷ್ಟೇ. ನಂಬಿದವರು ಹಾಗೆ ಓ ಅನ್ನುವುದಿಲ್ಲ.

ಶಿಫ್ಟಿಗೆ ಹತ್ತು ನಿಮಿಷ ಇತ್ತು. ಅವಳ ಕಣ್ಣು ತಪ್ಪಿಸಲು ನಾನು ಕ್ಲಿಪ್‌ಬೋರ್ಡು ಎತ್ತಿಕೊಂಡು ನನ್ನ ಕೆಲಸ ಶುರುಮಾಡಿದೆ. ನಮ್ಮಲ್ಲಿ ಮೀನು, ಮಾಂಸ, ಬಟಾಣಿ ಇಡುವ ಐದು ದೊಡ್ಡ ಕೋಣೆಗಳಿವೆ. ಎರಡೆರಡು ಗಂಟೆಗೊಮ್ಮೆ ಪ್ರತಿ ಕೋಣೆಯ ಮೀಟರು ನೋಡಿ ಹಾಳೆಯಲ್ಲಿ ತುಂಬಬೇಕು. ಆರು ಗಂಟೆ, ಮೈನಸ್ ಹದಿನೆಂಟು. ಎಂಟು ಗಂಟೆ, ಮೈನಸ್ ಹದಿನೆಂಟು. ಹತ್ತು ಗಂಟೆಗೆ ಚೂರು ಚೆಂದ ಕಾಣಲಿ ಅಂತ ಹದಿನೆಂಟೂವರೆ.

"ನೀವಿನ್ನೂ ಒಳಗೇ ಹೋಗಿಲ್ವಲ್ಲ?" ಅಂದಳು ವಕೀಲಮ್ಮ.

"ಒಳಗೆ ಪೆನ್ನು ಬರೆಯಲ್ಲ ಮೇಡಂ. ಇಂಕು ಗಟ್ಟಿಯಾಗುತ್ತೆ, ಕೈಗವಸು ತೆಗೆದ್ರೆ ಬೆರಳು ಸೆಟೆದುಹೋಗುತ್ತೆ. ಇಲ್ಲಿ ಎಲ್ಲರೂ ಹೀಗೇನೆ, ಮೊದಲೇ ಬರೆದಿಟ್ಟು ಒಳಗೆ ಹೋಗ್ತೀವಿ. ಹೆಚ್ಚುಕಮ್ಮಿ ಆದ್ರೆ ಬಂದು ತಿದ್ದಿದ್ರಾಯ್ತು. ಹದಿನಾಲ್ಕು ವರ್ಷದಲ್ಲಿ ನನಗೆ ಒಂದ್ಸಲವೂ ತಿದ್ದೋ ಪ್ರಸಂಗ ಬಂದಿಲ್ಲ."

ಹೆಮ್ಮೆಯಿಂದಲೇ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡೆ. ಅವಳು ನನ್ನ ಕ್ಲಿಪ್‌ಬೋರ್ಡನ್ನೂ ಬೆಂಚಿನ ಮೇಲಿನ ಫೋಟೋಗಳನ್ನೂ ಸರದಿಯಂತೆ ನೋಡುತ್ತಿದ್ದಳು. ಫೋಟೋ ಒಟ್ಟುಮಾಡಿ ಚೀಲಕ್ಕೆ ತುಂಬಿಕೊಂಡು, "ಒಂದ್ಸಲ ತಮ್ಮನ್ನ ನೋಡ್ಕೊಂಡು ಬನ್ನಿ. ಯಾಕೆ ಬೇಡ ಅಂತಾರೆ ಕೇಳಿ. ನಿಮಗಾದ್ರೂ ಹೇಳ್ಬಹುದು," ಅಂದು ಹೊರಟಳು.

ನನ್ನ ತಲೆಯ ಮೇಲೆ ಗೂಬೆ ಕೂರಿಸಲು ಬಂದವಳು ಇವಳು ಅಂತ ಅವಳ ಬೆನ್ನು ನೋಡುತ್ತಲೇ ತೀರ್ಮಾನಿಸಿದೆ. ಒಳಗೆ ಹೋಗಿ ಬಟಾಣಿ ಕೋಣೆಯ ಮೀಟರನ್ನು ಅವತ್ತು ಎರಡೆರಡು ಸಲ ನೋಡಿದೆ.

ಈಗ ಹೇಳಿಬಿಡುತ್ತೇನೆ. ಕೋರ್ಟಿಗೆ ಹೇಳಿದ್ದು ಸುಳ್ಳು.

ಮೊದಲು ದಿನಾ ಕೊಡುತ್ತಿದ್ದುದು ನಿಜವೇ. ಬೆಳಿಗ್ಗೆ ಅವನು ನಿದ್ದೆಗಣ್ಣಲ್ಲಿ ಇರುವಾಗಲೇ ಎಬ್ಬಿಸಿ ಕೂರಿಸಿ, ಮಾತ್ರೆ ಬಾಯಿಗೆ ಹಾಕಿ, ನೀರು ಕುಡಿಸಿ, ಚಾರ್ಟಿನಲ್ಲಿ ಟಿಕ್ ಹಾಕುತ್ತಿದ್ದೆ. ಆ ಬುಧವಾರಕ್ಕೆ ಎರಡು ತಿಂಗಳ ಹಿಂದೆ ಸ್ಟೋರೇಜಿನಲ್ಲಿ ಸೀಸನ್ ಶುರುವಾಯಿತು. ನನ್ನ ಶಿಫ್ಟು ಬೆಳಿಗ್ಗೆ ಐದಕ್ಕೆ ಬಂತು, ನಾಲ್ಕಕ್ಕೇ ಮನೆ ಬಿಡಬೇಕು. ಆ ಹೊತ್ತಿನಲ್ಲಿ ಎಬ್ಬಿಸಿದರೆ ಪಾಪ ಅವನಿಗೆ ಮತ್ತೆ ನಿದ್ದೆ ಬರುತ್ತಿರಲಿಲ್ಲ. ದೊಡ್ಡವನು, ಡಬ್ಬಿಯಿಂದ ತಾನೇ ತಗೊಳ್ಳುತ್ತಾನೆ ಅಂದುಕೊಂಡೆ. ಟಿಕ್ ಹಾಕಲು ಮಾತ್ರ ನನಗೆ ದಿನಾ ಪುರುಸೊತ್ತಿರಲಿಲ್ಲ. ಅದಕ್ಕೆ ಭಾನುವಾರ ಸಂಜೆ ಹೊಸ ಹಾಳೆ ನೇತುಹಾಕುವಾಗಲೇ ಇಡೀ ವಾರದ್ದು ಹಾಕಿಬಿಡುತ್ತಿದ್ದೆ. ಸ್ಟೋರೇಜಿನಲ್ಲಿ ಮಾಡಿದ ಹಾಗೆಯೇ. ಹೆಚ್ಚುಕಮ್ಮಿ ಆದರೆ ಆಮೇಲೆ ತಿದ್ದಿದರಾಯಿತು.

ಬುಧವಾರ ಪೊಲೀಸು ಠಾಣೆಯಲ್ಲಿ ಇನ್ಸ್‌ಪೆಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾತ್ರೆ ಕೊಡದೆ ಇಂಥವನನ್ನ ಬಿಟ್ಟು ಕೆಲಸಕ್ಕೆ ಹೋಗಿದ್ರಾ?" ಅಂದರು. "ಇಲ್ಲ ಸಾರ್, ದಿನಾ ಕೊಟ್ಟಿದ್ದೀನಿ," ಅಂದುಬಿಟ್ಟೆ. ಮನೆಗೆ ಬಂದು ನೋಡಿದರೆ, ಮೊಳೆಯಲ್ಲಿದ್ದ ಹಾಳೆಯಲ್ಲಿ ಇನ್ನೂ ಬಾರದ ಗುರುವಾರ, ಶುಕ್ರವಾರ, ಶನಿವಾರ, ಭಾನುವಾರಕ್ಕೂ ಟಿಕ್. ಮಾತ್ರೆಯ ಡಬ್ಬಿಯ ಮುಚ್ಚಳ ತೆಗೆದೆ. ತಿಂಗಳಿಗೊಮ್ಮೆ ಹೊಸ ಸ್ಟ್ರಿಪ್ಪು ತಂದು ಒಳಗೆ ನೋಡದೆ ತುರುಕುತ್ತಿದ್ದ ಡಬ್ಬಿ ಅದು. ನಲವತ್ತೊಂದು ಮಾತ್ರೆ ಹಾಗೇ ಇದ್ದವು.

ಕಳ್ಳ, ಅಂದುಕೊಂಡೆ. ನನ್ನ ಕಣ್ಣಿಗೆ ಮಣ್ಣೆರಚಿದ. ನಾನು ಬೆಳಗಿನ ಜಾವ ಚಳಿಯಲ್ಲಿ ಸಾಯುತ್ತಿದ್ದರೆ ಇವನು ಬೇಕೆಂದೇ ಮಾತ್ರೆ ಬಿಟ್ಟು ಮಜಾ ನೋಡುತ್ತಿದ್ದ. ಆ ಸಿಟ್ಟಿನಲ್ಲೇ ನಲವತ್ತೊಂದನ್ನೂ ಕಕ್ಕಸಿಗೆ ಸುರಿದು ನೀರು ಬಿಟ್ಟೆ. ಮೊಳೆಯ ಹಾಳೆ ಕಿತ್ತು ಹಾಸಿಗೆಯ ಕೆಳಗೆ ಇಟ್ಟೆ. ಹೊಸ ಹಾಳೆಯಲ್ಲಿ ಬುಧವಾರದ ತನಕ ಮಾತ್ರ ಟಿಕ್ ಹಾಕಿದೆ. ಮರುದಿನ ಪೊಲೀಸರು ಬಂದಾಗ ಹಿಂದಿನ ಎಂಟರ ಜೊತೆ ಅದನ್ನೂ ಸೇರಿಸಿ ಕೊಟ್ಟೆ. ಕಿತ್ತಿಟ್ಟ ಹಾಳೆಯನ್ನು ಯಾಕೆ ಹರಿದು ಹಾಕಲಿಲ್ಲ ಅಂತ ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಮೂರು ವರ್ಷ ಅದರ ಮೇಲೇ ಮಲಗಿದ್ದೇನೆ.

ಅವನು ಒಳಗಿರುವುದು ನನ್ನಿಂದ ಅಂತ ಆಗಾಗ ಅನ್ನಿಸದೆ ಇರಲಿಲ್ಲ. ಅನ್ನಿಸಿದಾಗಲೆಲ್ಲ ಆ ನಲವತ್ತೊಂದನ್ನು ನೆನೆಸಿಕೊಳ್ಳುತ್ತಿದ್ದೆ. ಅವನೇ ಮೋಸ ಮಾಡಿದ್ದು, ಅನುಭವಿಸಲಿ. ಹಾಗಂದುಕೊಂಡರೆ ನಿದ್ದೆ ಬರುತ್ತಿತ್ತು.

ಆ ಶನಿವಾರ ಜೈಲಿಗೆ ಹೋದೆ. ಟೋಕನ್ನು, ಸಾಲು, ಚಪ್ಪಲಿ ಬಿಚ್ಚಿಸಿ ತಪಾಸಣೆ, ಮತ್ತೆ ಸಾಲು. ಕೊನೆಗೆ ಗಾಜಿನ ಈಚೆ ನಾನು, ಆಚೆ ಅವನು, ನಡುವೆ ಬೆವರು ವಾಸನೆಯ ಟೆಲಿಫೋನು. ಹದಿನೈದು ನಿಮಿಷ. ಜೈಲಿನಲ್ಲಿ ವಾರ್ಡರು ಎದುರಿಗೆ ನಿಂತು ಮಾತ್ರೆ ನುಂಗಿಸುತ್ತಾನೆ, ಬಾಯಿ ತೆರೆಸಿ ನಾಲಿಗೆ ಎತ್ತಿಸಿ ನೋಡುತ್ತಾನೆ. ಹಾಗಾಗಿ ತಮ್ಮನ ಕಣ್ಣು ತಿಳಿಯಾಗಿತ್ತು. ಕೂದಲು ಮಾತ್ರ ಅರ್ಧ ಬೆಳ್ಳಗಾಗಿತ್ತು.

"ಅರ್ಜಿ ವಾಪಸ್ ತಗೋತೀನಿ ಅಂದೆಯಂತೆ. ಯಾಕೋ?"

"ಸುಳ್ಳು ಹೇಳಿ ಹೊರಗೆ ಬರೋದು ನನಗೆ ಬೇಡ ಅಕ್ಕ."

ಸುಳ್ಳು ಅಂದ ಕೂಡಲೇ ನನ್ನ ಕಿವಿ ನಿಮಿರಿತು. ಸರಿ, ಈಗ ಒಪ್ಪಿಕೊಳ್ಳುತ್ತಾನೆ, ಮಾತ್ರೆ ಬಿಟ್ಟಿದ್ದೆ ಅಂತ ಬಾಯಿಬಿಡುತ್ತಾನೆ ಅಂದುಕೊಂಡೆ. "ಏನು ಸುಳ್ಳು?"

"ಕಾಯಿಲೆಯಿಂದ ಹೊಡೆದೆ ಅನ್ನೋದು. ಮಾತ್ರೆ ಒಳಗಿದ್ರೆ ಕಾಯಿಲೆ ತಲೆ ಎತ್ತಲ್ಲ ಅಂತ ಕೋರ್ಟಲ್ಲಿ ಡಾಕ್ಟರೇ ಹೇಳಿದ್ರಲ್ಲ. ನಾನು ಮಾತ್ರೆ ತಗೋತಿದ್ದೆ. ಅಂದ್ರೆ ಹೊಡೆದಿದ್ದು ಕಾಯಿಲೆ ಅಲ್ಲ, ನಾನೇ. ಮೂರು ವರ್ಷ ಇದನ್ನೇ ಯೋಚನೆ ಮಾಡಿದ್ದೀನಿ, ಬೇರೆ ಕೆಲಸ ಏನಿದೆ ಇಲ್ಲಿ? ಒಳಗೊಳಗೆ ನಾನು ಅಂಥವನೇ ಅಕ್ಕ. ನಿಮಗ್ಯಾರಿಗೂ ಗೊತ್ತಾಗಿರ್ಲಿಲ್ಲ, ಅಷ್ಟೇ. ನನ್ನಂಥವನು ಹೊರಗೆ ಬರಬಾರದು."

ನಾಟಕ ಇರಬಹುದಾ ಅಂತ ಅವನ ಮುಖವನ್ನೇ ದಿಟ್ಟಿಸಿದೆ. ಚಿಕ್ಕಂದಿನಿಂದ ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿದರೆ ಎಡಗಿವಿ ಕೆಂಪಾಗುತ್ತದೆ. ಕಿವಿ ಹಾಗೇ ಇತ್ತು.

"ಮಾತ್ರೆ ತಗೊಂಡಿದ್ದು ನಿನಗೆ ನೆನಪಿದೆಯಾ?" ಅಂದೆ.

"ನನ್ನ ನೆನಪನ್ನ ನಾನು ಎಲ್ಲಿ ನಂಬ್ತೀನಿ? ಆಗ ಒಂದ್ಸಲ ಮರೆತು ಎರಡೆರಡು ಮಾತ್ರೆ ತಗೊಂಡು ಮೂರು ದಿನ ಆಸ್ಪತ್ರೆಲಿ ಇರ್ಲಿಲ್ವಾ? ಅದಕ್ಕೇ ತಾನೆ ನೀನು ಚಾರ್ಟ್ ಮಾಡಿದ್ದು. ಟಿಕ್ ಇದ್ರೆ ಡಬ್ಬಿ ಮುಟ್ಟಕೂಡದು ಅಂತ ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದೆ. ಎದ್ದ ತಕ್ಷಣ ಚಾರ್ಟ್ ನೋಡ್ತಿದ್ದೆ. ಟಿಕ್ ಇರ್ತಿತ್ತು. ಅಕ್ಕ ಹೋಗೋಕೆ ಮುಂಚೆ ನಿದ್ದೆಗಣ್ಣಲ್ಲೇ ಕೊಟ್ಟುಹೋಗಿದ್ದಾಳೆ ಅಂದ್ಕೊಂಡು ಸುಮ್ಮನಾಗ್ತಿದ್ದೆ. ಮೊದಮೊದಲು ಒಂದೆರಡು ವಾರ ಅನುಮಾನ ಬಂದು ನಾನೇ ತಗೊಂಡಿದ್ದೂ ಉಂಟು. ಆಮೇಲೆ ಹೆದರಿಕೆ ಆಯ್ತು, ಮತ್ತೆ ಎರಡೆರಡು ಆಗಿಬಿಟ್ರೆ ಅಂತ. ಬಿಟ್ಟೆ."

ಆ ಆಣೆಯನ್ನು ನಾನು ಪೂರ್ತಿ ಮರೆತಿದ್ದೆ. ಟೆಲಿಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕಳ್ಳ ಅಂತ ಮೂರು ವರ್ಷ ಬೈದಿದ್ದು ಇವನನ್ನ. ಇವನು ನನ್ನ ಮಾತನ್ನು ಚಾಚೂತಪ್ಪದೆ ಪಾಲಿಸಿದ್ದ. ಭಾನುವಾರ ಸಂಜೆ ನಾನು ಹಾಕಿದ ಏಳು ಗೀಟು ಏಳು ದಿನವೂ ಇವನ ಕೈ ಕಟ್ಟಿ ಕೂರಿಸಿದ್ದವು.

ಗಡಿಯಾರದಲ್ಲಿ ಇನ್ನೂ ನಾಲ್ಕು ನಿಮಿಷ ಇತ್ತು. ಹೇಳಬಹುದಿತ್ತು. ನಾನು ಹೇಳಲಿಲ್ಲ. ನಾಚಿಕೆಗೇಡಿ ಅನ್ನಿ, ಒಪ್ಪುತ್ತೇನೆ.

"ಅರ್ಜಿ ವಾಪಸ್ ತಗೋಬೇಡ," ಅಂದೆ. "ಈ ಒಂದು ಮಾತು ಕೇಳು."

"ನಿನ್ನ ಮಾತು ಯಾವತ್ತು ಮೀರಿದ್ದೀನಿ ಹೇಳು," ಅಂದ. ನಗುತ್ತಲೇ ಅಂದ.

ಸೋಮವಾರ ರಜೆ ಹಾಕಿ ವಕೀಲಮ್ಮನ ಆಫೀಸಿಗೆ ಹೋದೆ. ಕನ್ನಡಕದಂಗಡಿಯ ಮೇಲಿನ ಒಂದೇ ಕೋಣೆ. ಅರ್ಧ ಜಾಗ ಫೈಲುಗಳದ್ದು, ಉಳಿದರ್ಧ ಕೆಟ್ಟ ಫ್ಯಾನಿನದು. ಹಾಸಿಗೆಯ ಕೆಳಗಿನ ಹಾಳೆಯನ್ನು ಅವಳ ಮೇಜಿನ ಮೇಲಿಟ್ಟೆ. ಮೂರು ವರ್ಷ ನನ್ನ ಭಾರ ಹೊತ್ತು ಇಸ್ತ್ರಿ ಮಾಡಿದಂತಿತ್ತು. ಮೇಲ್ಗಡೆ ಮೊಳೆಯ ತೂತು, ತೂತಿನ ಸುತ್ತ ತುಕ್ಕಿನ ಕಲೆ.

ಅವಳು ಕೊನೆಯ ನಾಲ್ಕು ಟಿಕ್‌ಗಳ ಮೇಲೆ ಬೆರಳು ನಿಲ್ಲಿಸಿದಳು. "ಅವತ್ತೇ ಅನ್ನಿಸ್ತು," ಅಂದಳು. "ಆದ್ರೆ ನೀವಾಗೇ ತರ್ತೀರಾ ಅನ್ನೋ ನಂಬಿಕೆ ಇರ್ಲಿಲ್ಲ ನನಗೆ."

"ನೀವೂ ನನ್ನ ಮೇಲೆ ಅನುಮಾನ ಪಟ್ಟಿದ್ರಾ?"

"ನೀವು ನನ್ನ ಮೇಲೆ ಪಟ್ಟಷ್ಟಿಲ್ಲ," ಅಂದಳು. ಆಮೇಲೆ ಮುಖ ಗಂಭೀರ ಮಾಡಿಕೊಂಡಳು. "ನೋಡಿ, ನಾನು ನಿಮ್ಮ ತಮ್ಮನ ವಕೀಲೆ, ನಿಮ್ಮ ವಕೀಲೆ ಅಲ್ಲ. ಇದನ್ನ ಅಫಿಡವಿಟ್ ಮಾಡಿ ಕೊಟ್ರೆ ಅವರಿಗೆ ಒಳ್ಳೇದಾಗ್ಬಹುದು. ನಿಮಗೆ ಕೆಟ್ಟದ್ದೇ ಆಗೋದು. ಪ್ರಮಾಣ ಮಾಡಿ ಸುಳ್ಳು ಹೇಳಿದ್ದೀರಿ, ಸುಳ್ಳು ಹಾಳೆ ಸೃಷ್ಟಿ ಮಾಡಿದ್ದೀರಿ. ಕೇಸ್ ಹಾಕ್ಬಹುದು. ಕೆಲಸವೂ ಹೋಗ್ಬಹುದು. ಮೊದಲು ಬೇರೆ ವಕೀಲರನ್ನ ಕೇಳಿ, ಆಮೇಲೆ ಸಹಿ ಹಾಕಿ."

ಬೇರೆ ಕಾಲವಾಗಿದ್ದರೆ, ಇವಳು ಯಾಕೆ ನನ್ನನ್ನು ಬೇರೆಯವರ ಹತ್ತಿರ ಅಟ್ಟುತ್ತಿದ್ದಾಳೆ ಅಂತ ಅದಕ್ಕೂ ಗುಮಾನಿ ಪಡುತ್ತಿದ್ದೆ. ಅವತ್ತು ಪಡಲಿಲ್ಲ. ಅವಳು ಹೇಳಿಕೊಟ್ಟವರ ಹತ್ತಿರ ಹೋಗಿ ಕೇಳಿದೆ. ಅವರೂ ಅದನ್ನೇ ಹೇಳಿದರು. ಬುಧವಾರ ಬಂದು ಸಹಿ ಹಾಕಿದೆ.

ಇಪ್ಪತ್ತನೇ ತಾರೀಖು ಮೇಲಿನ ಕೋರ್ಟಿನ ಎತ್ತರದ ಕೋಣೆಯಲ್ಲಿ ಇಬ್ಬರು ಜಡ್ಜುಗಳು ಕೂತಿದ್ದರು. ಮೇಲಿನ ಕೋರ್ಟಿನಲ್ಲಿ ಸಾಮಾನ್ಯವಾಗಿ ಹೊಸ ಸಾಕ್ಷಿ ಕೇಳುವುದಿಲ್ಲವಂತೆ. ಅಫಿಡವಿಟ್ಟು ಓದಿದ ಮೇಲೆ ನನ್ನನ್ನು ಕರೆಸಿದ್ದರು. ತಮ್ಮ ಕಾನ್‌ಸ್ಟೇಬಲ್ಲುಗಳ ನಡುವೆ ಹಿಂದಿನ ಬೆಂಚಿನಲ್ಲಿದ್ದ. ಅಫಿಡವಿಟ್ಟಿನ ವಿಷಯ ಅವನಿಗೆ ತಿಳಿಸಲು ವಕೀಲಮ್ಮ ಜೈಲಿಗೆ ಹೋದಾಗ, "ಅಕ್ಕ ಮಾಡು ಅಂದಿದ್ದಾಳೆ, ಮಾಡಿ. ನನಗೇನೂ ಹೇಳ್ಬೇಡಿ," ಅಂದು ಕಿವಿ ಮುಚ್ಚಿಕೊಂಡಿದ್ದನಂತೆ. ಮೇಷ್ಟ್ರು ಮುಂದಿನ ಸಾಲಿನಲ್ಲಿದ್ದರು. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ನಾನು ಎಲ್ಲ ಹೇಳಿದೆ. ಪೆನ್ನು, ಚಳಿ, ಭಾನುವಾರ, ಡಬ್ಬಿ, ನಲವತ್ತೊಂದು. ಹೇಳುವಾಗ ತಮ್ಮನ ಕಡೆ ತಿರುಗಲಿಲ್ಲ.

ಸರ್ಕಾರಿ ವಕೀಲ ನಿಧಾನವಾಗಿ ಎದ್ದ. "ಕೆಳಗಿನ ಕೋರ್ಟಲ್ಲಿ ಪ್ರಮಾಣ ಮಾಡಿ ಹೇಳಿದ್ದು ಸುಳ್ಳು ಅಂತೀರಿ. ಇಲ್ಲೂ ಪ್ರಮಾಣ ಮಾಡಿದ್ದೀರಿ. ಯಾವ ಪ್ರಮಾಣ ನಂಬೋಣ?"

"ಇದನ್ನ."

"ಯಾಕೆ? ಈ ಹಾಳೆಯನ್ನ ನೀವು ಹೋದವಾರ ಕೂತು ತಯಾರು ಮಾಡಿರಬಹುದು. ಹಾಳೆ ತಯಾರು ಮಾಡೋದ್ರಲ್ಲಿ ನಿಮ್ಮ ಕೈ ಪಳಗಿದೆ ಅಂತ ನೀವೇ ಈಗ ಒಪ್ಕೊಂಡ್ರಿ. ತಮ್ಮನ್ನ ಬಿಡಿಸ್ಕೊಳ್ಳೋಕೆ ಎಂಥ ಅಕ್ಕನೂ ಇಷ್ಟು ಮಾಡ್ತಾಳೆ."

ಅವನು ನೋಡುತ್ತಿದ್ದ ರೀತಿ ನನಗೆ ಚೆನ್ನಾಗಿ ಪರಿಚಯ. ಮೂರು ವರ್ಷ ನಾನು ಕಂಡಕಂಡವರನ್ನೆಲ್ಲ ಹಾಗೆಯೇ ನೋಡಿದ್ದೆ. ನಿಜ ಹೇಳಿದರೂ ಒಬ್ಬರೂ ನಂಬದಿದ್ದರೆ ಹೇಗಿರುತ್ತದೆ ಅಂತ ಅವತ್ತು ಗೊತ್ತಾಯಿತು.

ವಕೀಲಮ್ಮ ಎದ್ದು, ಕೋರ್ಟಿನಲ್ಲಿದ್ದ ಹಳೆಯ ಎಂಟು ಹಾಳೆ ತರಿಸಿ ನನ್ನ ಹಾಳೆಯನ್ನು ಮೇಲಿಟ್ಟು ಜಡ್ಜುಗಳ ಮುಂದೆ ಹಿಡಿದಳು. ಅಷ್ಟೂ ತೂತು ಒಂದರ ಮೇಲೊಂದು ಕೂತವು. ಒಂದೇ ಮೊಳೆಯ ಓರೆ ತೂತು, ಒಂದೇ ಮೊಳೆಯ ತುಕ್ಕು. ಹಿರಿಯ ಜಡ್ಜು ಕನ್ನಡಕ ತೆಗೆದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಆಗ ಹಿಂದಿನಿಂದ ತಮ್ಮನ ದನಿ ಬಂತು. "ಅಕ್ಕ, ಹಾಗಾದ್ರೆ ಅವತ್ತು ನನ್ನ ಮೈಯಲ್ಲಿ ಮಾತ್ರೆ ಇರ್ಲಿಲ್ವಾ?"

ಕಾನ್‌ಸ್ಟೇಬಲ್ಲು ಅವನ ಭುಜ ಒತ್ತಿದ. ಹಿರಿಯ ಜಡ್ಜು ಕೈ ಎತ್ತಿ ತಡೆದು, ನನ್ನ ಕಡೆ ನೋಡಿ ತಲೆಯಾಡಿಸಿದರು.

ತಿರುಗಿದೆ. "ಇರ್ಲಿಲ್ಲ ಕಣೋ. ಒಂದೂವರೆ ತಿಂಗಳಿಂದ ಇರ್ಲಿಲ್ಲ. ನಾನೇ ಟಿಕ್ ಹಾಕಿಟ್ಟು ಹೋಗ್ತಿದ್ದೆ."

ಅವನು ನನ್ನನ್ನೇ ನೋಡುತ್ತ ನಿಂತ. ಆಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಳುತ್ತಿದ್ದಾನೋ ಏನು ಮಾಡುತ್ತಿದ್ದಾನೋ ನನಗೆ ಕಾಣಿಸಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಮೇಷ್ಟ್ರು ನನ್ನೆದುರು ಬಂದು ನಿಂತರು. ಬೈಯುತ್ತಾರೆ ಅಂತ ತಲೆ ತಗ್ಗಿಸಿದೆ. "ಮೂರು ವರ್ಷ ಅವನ ಮೇಲೆ ಹಲ್ಲು ಕಡೀತಾ ಬದುಕಿದ್ದೀನಿ ಕಣಮ್ಮ," ಅಂದರು. "ಇನ್ಮೇಲೆ ನಿನ್ನ ಮೇಲೆ ಕಡೀಬೇಕು ಅಂದ್ರೆ ನನಗೂ ವಯಸ್ಸಾಯ್ತು." ಹೆಂಡತಿಯ ಕೈ ಹಿಡಿದು ಮೆಟ್ಟಿಲು ಇಳಿದು ಹೋದರು. ಅದು ಕ್ಷಮೆಯೋ ಶಾಪವೋ ಅಂತ ಈಗಲೂ ಯೋಚಿಸುತ್ತೇನೆ.

ಎರಡು ತಿಂಗಳ ಮೇಲೆ ತೀರ್ಪು ಬಂತು. ಜೈಲುಶಿಕ್ಷೆ ರದ್ದು. ಹೊಡೆಯುವ ಹೊತ್ತಿನಲ್ಲಿ ಅವನ ಬುದ್ಧಿ ಅವನ ಸ್ವಾಧೀನದಲ್ಲಿರಲಿಲ್ಲ; ಅವನನ್ನು ಮಾನಸಿಕ ಆಸ್ಪತ್ರೆಯಲ್ಲಿಡಬೇಕು, ಗುಣವಾಗಿದ್ದಾನೆಂದು ಡಾಕ್ಟರುಗಳು ಬರೆದುಕೊಟ್ಟ ಮೇಲೆ ಬಿಡಬೇಕು. ಅದೇ ತೀರ್ಪಿನ ಕೊನೆಯಲ್ಲಿ ನನ್ನ ಮೇಲೆ ಸುಳ್ಳು ಸಾಕ್ಷಿಯ ಕೇಸು ಹೂಡಲು ಆದೇಶವಿತ್ತು. ಅದು ಈಗ ನಡೆಯುತ್ತಿದೆ. ಸ್ಟೋರೇಜಿನವರು ನನ್ನನ್ನು ಕೆಲಸದಿಂದ ತೆಗೆದರು, ಉಳಿದವರಿಗೆ ಒಂದೊಂದು ಪೆನ್ಸಿಲ್ಲು ಕೊಟ್ಟರಂತೆ. ಪೆನ್ಸಿಲ್ಲು ಎಂಥ ಚಳಿಯಲ್ಲೂ ಬರೆಯುತ್ತದೆ. ಹದಿನಾಲ್ಕು ವರ್ಷ ಅದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ.

ಆಸ್ಪತ್ರೆಯಲ್ಲಿ ಭೇಟಿಗೆ ಬಿಡುವ ಮೊದಲ ಭಾನುವಾರ, ಅವನಿಗೆ ಎರಡು ಜೊತೆ ಬಟ್ಟೆ, ಒಂದು ಟವೆಲ್ಲು ಹಿಡಿದುಕೊಂಡು ಹೋದೆ. ಬಾಗಿಲಲ್ಲಿ ಕೂತಿದ್ದ ನರ್ಸಮ್ಮ ರಿಜಿಸ್ಟರು ತೆರೆದು ಬೆರಳಾಡಿಸಿದರು. ಯಾರನ್ನು ಕಾಣುತ್ತೇನೆ, ಯಾರನ್ನು ಕಾಣುವುದಿಲ್ಲ ಅಂತ ಅಲ್ಲಿ ರೋಗಿಗಳೇ ಹೇಳಬಹುದಂತೆ.

"ನೀವು ಅವರ ಅಕ್ಕ ಅಲ್ವಾ?" ಅಂದರು. "ಇವತ್ತು ಬೇಡ ಅಂದಿದ್ದಾರೆ."

"ಹುಷಾರಿಲ್ವಾ ಅವನಿಗೆ?"

"ಚೆನ್ನಾಗಿದ್ದಾರೆ. ಊಟ, ನಿದ್ದೆ ಎಲ್ಲ ಸರಿಯಾಗಿದೆ. ನಿಮಗೆ ಹೇಳಿ ಅಂತ ಒಂದು ಮಾತು ಹೇಳಿದ್ದಾರೆ. 'ಅಕ್ಕನ ಮೇಲೆ ನನಗೆ ತುಂಬಾ ಸಿಟ್ಟು ಬಂದಿದೆ. ಸಿಟ್ಟು ಇಳಿದ ಮೇಲೆ ನಾನೇ ಹೇಳಿಕಳಿಸ್ತೀನಿ. ಅಲ್ಲೀವರೆಗೂ ಬರೋದು ಬೇಡ' ಅಂತ."

ಬಟ್ಟೆಯ ಚೀಲ ಅವರ ಕೈಗೆ ಕೊಟ್ಟು ಹೊರಗೆ ಬಂದೆ. ಮೂರು ವರ್ಷದಲ್ಲಿ ಅವನು ತನ್ನನ್ನು ಬಿಟ್ಟು ಇನ್ನೊಬ್ಬರ ಮೇಲೆ ಸಿಟ್ಟಾಗಿದ್ದು ಅದೇ ಮೊದಲು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಟಿಕೆಟ್ಟು ಕೇಳಿದ ಕಂಡಕ್ಟರು ಗಾಬರಿಯಾಗುವಷ್ಟು ಜೋರಾಗಿ ಅತ್ತೆ.